ಭಾರ್ಗವನ ಗಡ್ಡ

ಜಯನಗರ ನಾಲ್ಕನೇ ಟಿ ಬ್ಲಾಕ್,
ಭಾನುವಾರ, 16 ನವೆಂಬರ್ 2025

ನಮ್ಮ ಮನೆಯ ಮುದ್ದು ಸುರಭಿಗೆ,

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೇ? ಏಳು ತಿಂಗಳಿಗೆ ಊತ ಇರುವುದೇ, ಆದರೂ ಹಾಸನದ ಡಾಕ್ಟರಿಗೆ ತೋರಿಸು. ನಿಮ್ಮಮ್ಮನ ಜೀರಿಗೆ ಕಷಾಯ ಕುಡಿದು ಸುಮ್ಮನಿರಬೇಡ (ಇದನ್ನು ಅವರಿಗೆ ಓದಿ ಹೇಳಬೇಡ ಮತ್ತೆ). ನಿನ್ನಣ್ಣ ಶಿವರಾಮ್ ಕೈಯಲ್ಲಿ ಕೋಡುಬಳೆ ಕಳಿಸಿದ್ದೇನೆ, ಜೊತೆಗೆ ಈ ಕಾಗದ. ಫೋನಿರುವಾಗ ಅತ್ತೆಗೆ ಇದೇನು ಬಂತು ಅಂತೀಯೇನೋ. ಸುರಭಿಗೆ ಫೋನ್ ಮಾಡಿ ಹೇಳಕೂಡದು ಎಂದು ನನ್ನ ಮಗರಾಯ ಭಾರ್ಗವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ. ಕಾಗದ ಬರೆಯಬಾರದು ಅಂತ ಹೇಳಲು ಮರೆತ. ಅದು ಅವನ ತಪ್ಪು.

ಗಾಬರಿಯಾಗಬೇಡ, ಕೂತುಕೊಂಡು ಓದು. ಅವನ ಪಿತ್ತಕೋಶದಲ್ಲಿ ಕಲ್ಲಾಗಿದೆ. ಗ್ಯಾಸು ಗ್ಯಾಸು ಅಂತ ನುಂಗಿದ ಮಾತ್ರೆಯೆಲ್ಲ ದಂಡ. ಬನಶಂಕರಿಯ ಆಸ್ಪತ್ರೆಯಲ್ಲಿ ಬರುವ ಶುಕ್ರವಾರ ಆಪರೇಷನ್. ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ತೆಗೆಯುತ್ತಾರಂತೆ, ಅದಕ್ಕೆ ನಾನು ಹೆದರಿಲ್ಲ.

ನಿನ್ನೆ ಅರಿವಳಿಕೆ ಕೊಡುವ ಡಾಕ್ಟರ್ ಸಂಗೀತಾ ಅವನನ್ನು ಪರೀಕ್ಷೆ ಮಾಡಿದರು. ಚಿಕ್ಕ ವಯಸ್ಸು, ನಗುಮುಖ. ಬಾಯಿ ಅಗಲಿಸಿ ನಾಲಗೆ ಚಾಚಿ ಅಂದರು, ಕುತ್ತಿಗೆ ಹಿಂದಕ್ಕೆ ಎಷ್ಟು ಬಾಗುತ್ತದೆ ನೋಡಿದರು, ಅಲ್ಲಾಡುವ ಹಲ್ಲಿದೆಯೇ ಎಂದರು. ಗೊರಕೆ ಹೊಡೆಯುತ್ತೀರಾ ಎಂದರೆ ನಿನ್ನ ಗಂಡ ಇಲ್ಲ ಎಂದುಬಿಟ್ಟ! ಅವನು ರೂಮಿನ ಬಾಗಿಲು ಹಾಕಿ ಮಲಗಿದರೂ ಹಾಲ್‌ನಲ್ಲಿ ನನಗೆ ಟಿವಿ ಕೇಳಿಸುವುದಿಲ್ಲ ಎಂದು ನಾನೇ ಹೇಳಿದೆ. ಆಮೇಲೆ ಅವರು ಗಡ್ಡದೊಳಗೆ ಬೆರಳಿಟ್ಟು ಗದ್ದ ತಡವಿ ನೋಡಿದರು. ಆಗ ಅವರ ನಗು ನಿಂತಿತು.

ನಿದ್ದೆ ಬರಿಸಿದ ಮೇಲೆ ಉಸಿರನ್ನು ಅವರೇ ಕೊಡಬೇಕಂತೆ. ಮೊದಲು ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು, ಆಮೇಲೆ ಗಂಟಲೊಳಗೆ ಕೊಳವೆ ಇಳಿಸಿ. ನಿನ್ನ ಗಂಡನಿಗೆ ಗಿಡ್ಡ ಕುತ್ತಿಗೆ, ದಪ್ಪ ನಾಲಗೆ, ಗಡ್ಡದಡಿಯಲ್ಲಿ ಹಿಂದಕ್ಕೆ ಸರಿದ ಪುಟ್ಟ ದವಡೆ. ಅದು ಥೇಟ್ ನಮ್ಮ ತವರಿನದು, ಯಾರನ್ನು ಬಯ್ಯಲಿ ಹೇಳು. ಕೊಳವೆ ಇಳಿಸುವುದು ಸುಲಭವಲ್ಲವಂತೆ. ಕ್ಯಾಮೆರಾ ಇದೆ, ಇಳಿಸುತ್ತೇನೆ, ಆದರೆ ತಡವಾದರೆ ಮಾಸ್ಕ್ ಒಂದೇ ಗತಿ, ಗಡ್ಡದ ಮೇಲೆ ಅದು ಕೂರುವುದಿಲ್ಲ, ಗಾಳಿ ಸೋರುತ್ತದೆ ಎಂದರು. “ಒಂದು ಕಷ್ಟ ಆದ್ರೆ ನಾನು ನೋಡ್ಕೋತೀನಿ ಆಂಟಿ. ಎರಡೂ ಒಟ್ಟಿಗೆ ಬೇಡ. ಗಡ್ಡ ತೆಗೆಸ್ಕೊಂಡು ಬನ್ನಿ” ಅಂದರು. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಇವನು ಜಪ್ಪಯ್ಯ ಅನ್ನುವುದಿಲ್ಲ. ಹೆಂಡತಿ ಬಸುರಿ, ತೆಗೆಯುವ ಹಾಗಿಲ್ಲ ಎಂದು ಡಾಕ್ಟರ ಮುಂದೆಯೇ ಹೇಳಿದ. ಆಟೋದಲ್ಲಿ ಬರುವಾಗ ನಾನು ಬೈದೆ. “ಹೋದ ಸಲ ತೆಗೆದಿದ್ನಲ್ಲಮ್ಮಾ” ಅಂದ. ಆಫೀಸಿನ ಸಮಾರಂಭಕ್ಕೆಂದು ಅವನು ಗಡ್ಡ ಬೋಳಿಸಿದ ವಾರವೇ ಅಲ್ಲವೇ ಆ ಬಸಿರು ನಿಲ್ಲದೆ ನಮಗೆ ಆ ದುಃಖ ಬಂದದ್ದು. ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ ಕಣಮ್ಮ, ಅವನೇ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ನನಗೆ ಸಂಕಟವಾಯಿತು, ಮತ್ತೆ ಬಯ್ಯಲಿಲ್ಲ.

ನೀನು ಚೆನ್ನಾಗಿ ಊಟ ಮಾಡು, ಎಡಮಗ್ಗುಲಿಗೆ ಮಲಗು. ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನೀನೂ ಕೂಸೂ ತಣ್ಣಗಿರಿ.

ನಿನ್ನ ಅತ್ತೆ,
ಚೂಡಾಮಣಿ

ತಾ.ಕ.: ಶಿವರಾಮ್ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಗಡ್ಡ ತೆಗೆಸಿ ಅಂತ ಇವತ್ತೇ ಭಾರ್ಗವನಿಗೆ ಫೋನ್ ಮಾಡಿ ಹೇಳು. ಹೊಟ್ಟೆಯಲ್ಲಿರುವ ಮಗುವಿಗಾಗಿ ಗಡ್ಡ ಬಿಡಬೇಕು ಎಂದು ಶಾಸ್ತ್ರ ಹೇಳಿದವಳು ನಾನೇ, ಈಗ ತೆಗಿ ಎಂದರೆ ನನ್ನ ಮಾತು ನಡೆಯುತ್ತಿಲ್ಲ. ನೀನು ಹೇಳಿದರೆ ಕೇಳುತ್ತಾನೆ. ನಿನಗೂ ಅಳುಕಿರಬಹುದು, ನನಗೆ ಗೊತ್ತು. ಆದರೆ ಅವನೂ ನನ್ನ ಹೊಟ್ಟೆಯಲ್ಲಿದ್ದ ಮಗುವೇ ಸುರಭಿ.