ಹನ್ನೊಂದು ಗಂಟೆಯ ಜ್ವರ

ಶಾಲೆಯ ಸಿಕ್ ರೂಮ್,
ಸೋಮವಾರ, ಫೆಬ್ರವರಿ ೯

ಪ್ರೀತಿಯ ತಂಗಿಗೆ,

ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಕರಗುತ್ತೇನೆ. ಚಿಕ್ಕಂದಿನಿಂದ ನಡೆದು ಬಂದದ್ದು ಇದೇ. ಕಾಗದದ ಮುಂದೆ ನಿನ್ನ ಕಣ್ಣೀರು ನಡೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪುಟ್ಟಿ ಪೂರ್ತಿ ಹುಷಾರಾದಳಂತೆ. ಸಂತೋಷ. ನಮ್ಮ ಶಾಲೆಯ ಆಯಾ ಗುರುವಾರ ತೀರಿಕೊಂಡದ್ದು ನಿನಗೆ ಗೊತ್ತೇ ಇದೆ. ಶನಿವಾರ ಆಡಳಿತ ಮಂಡಳಿಯವರು ಕೂತು ಮಾಡಿದ ತೀರ್ಮಾನ ಮಾತ್ರ ಗೊತ್ತಿರಲಾರದು. ಮೂರನೇ ತರಗತಿಯ ಹದಿನೇಳು ಮಕ್ಕಳು ಫ್ಲೂ ಹಿಡಿದು ಮಲಗಿದ್ದಕ್ಕೆ ಆಯಾಳೇ ಕಾರಣವಂತೆ. ಬೆಳಿಗ್ಗೆ ಗೇಟಿನಲ್ಲಿ ನಾನು ಜ್ವರ ನೋಡಿ ಬರೆಯುವ ರಿಜಿಸ್ಟರಿನಲ್ಲಿ ಪ್ರತಿ ಮಗುವಿನ ಅಂಕಿಯೂ ಸರಿಯಾಗಿದೆ, ಆದ್ದರಿಂದ ಸೋಂಕು ಅವಳ ಗಲ್ಲಿಯಿಂದಲೇ ಬಂದಿರಬೇಕಂತೆ. ಅವಳ ಮಗಳಿಗೆ ಆ ಕೆಲಸ ಕೊಡುವ ಮಾತಿತ್ತು. ಈಗ ಆ ಮನೆಯವರೇ ಬೇಡವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆ ಸತ್ತೇಹೋಯಿತು, ಅದಕ್ಕೆ ಕರುವಿಗೆ ಬರೆ.

ಜನವರಿ ಮೊದಲ ವಾರದಲ್ಲೇ ಶಾಲೆಯ ದಾದಿಯಾಗಿ ನಾನು ಎಲ್ಲರ ಮನೆಗೂ ಚೀಟಿ ಕಳಿಸಿದ್ದೆ. ಜ್ವರ ಬಂದ ಮಗು, ಔಷಧಿ ಇಲ್ಲದೆ ಜ್ವರ ಬಿಟ್ಟು ಒಂದು ದಿನ ಕಳೆಯುವವರೆಗೂ ಮನೆಯಲ್ಲಿರಲಿ ಎಂದು. ನಿನ್ನ ಸಹಿ ಬಿದ್ದ ಚೀಟಿ ಈಗ ನನ್ನ ಮೇಜಿನ ಮೇಲಿದೆ. ಎಷ್ಟು ಮುದ್ದಾದ ಸಹಿ! ಇತ್ತ ಆಯಾ, ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಕಿಟಕಿ ತೆರೆದಿಟ್ಟಳು, ಪ್ರತಿ ನಲ್ಲಿಯ ಹತ್ತಿರ ಸೋಪು ಇಟ್ಟಳು, ಮೊಣಕೈಯೊಳಗೆ ಕೆಮ್ಮುವುದನ್ನು ಮಕ್ಕಳಿಗೆ ಆಟದಂತೆ ಕಲಿಸಿದಳು.

ಜನವರಿ ಮೂರನೇ ವಾರ, ಪುಟ್ಟಿಯ ಜ್ವರದ ಎರಡನೇ ದಿನ, ಮೊದಲು ಅನುಮಾನ ಪಟ್ಟವಳೂ ಅವಳೇ. ಅಮ್ಮಾ, ನಿಮ್ಮ ತಂಗಿ ಮಗಳು ಬೆಳಿಗ್ಗೆ ತಣ್ಣಗಿರ್ತಾಳೆ, ಹನ್ನೊಂದು ಹೊಡೆದ್ರೆ ಒಲೆ ಥರ ಕಾಯ್ತಾಳೆ, ಗಂಟೆ ನೋಡ್ಕೊಂಡು ಬರೋ ಜ್ವರ ಎಲ್ಲಾದ್ರೂ ಉಂಟಾ ಎಂದು ಕೇಳಿದಳು. ಅವತ್ತೇ ಪುಟ್ಟಿ ಅವಳ ಮಡಿಲಲ್ಲಿ ಗುಟ್ಟು ಬಿಟ್ಟಳು. ಅಮ್ಮ ಏಳು ಗಂಟೆಗೆ ಸಿಹಿ ಔಷಧಿ ಕೊಡ್ತಾಳೆ, ದೊಡ್ಡಮ್ಮಂಗೆ ಹೇಳ್ಬಾರ್ದಂತೆ ಎಂದಳಂತೆ. ಏಳಕ್ಕೆ ಕುಡಿಸಿದ ಸಿರಪ್ಪು ಎಂಟೂವರೆಗೆ ಗೇಟು ದಾಟಿಸುತ್ತದೆ, ಹನ್ನೊಂದಕ್ಕೆ ಕೈಬಿಡುತ್ತದೆ. ಅಷ್ಟರಲ್ಲಿ ಮಗು ಎರಡು ಪೀರಿಯಡ್ಡು ಪಕ್ಕದವರ ಮೇಲೆ ಕೆಮ್ಮಿರುತ್ತದೆ.

ಅಂದೇ ನಿನಗೆ ಫೋನು ಮಾಡಿದ್ದೆ. ಏನಕ್ಕಾ, ಒಂದು ಕೆಮ್ಮಿಗೆ ಇಷ್ಟು ರಂಪ ಮಾಡ್ತೀಯ, ಹೊಸ ಕೆಲಸ, ಕ್ಲಿನಿಕ್‌ನಲ್ಲಿ ಮೊದಲ ಮೂರು ತಿಂಗಳು ರಜ ಕೇಳೋ ಹಾಗಿಲ್ಲ ಎಂದೆ ನೀನು. ಹಲ್ಲಿನ ಡಾಕ್ಟರ ರಿಸೆಪ್ಷನ್ನಿನಲ್ಲಿ ಕೂತು, ನೆಗಡಿ ಇರುವವರು ಇನ್ನೊಂದು ದಿನ ಬನ್ನಿ ಎಂದು ಹೇಳುವವಳು ನೀನೇ ತಾನೆ? ನೀನು ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನವೂ ಪುಟ್ಟಿ ಮಂಚದ ಮೇಲೆ ಮಲಗಲು ಒಪ್ಪಲಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಆಯಾಳ ಮಡಿಲಲ್ಲೇ ಇದ್ದಳು. ಶನಿವಾರ ಆಯಾ ಕೆಮ್ಮತೊಡಗಿದಳು. ಹತ್ತು ದಿನಕ್ಕೆ ಅದು ಶ್ವಾಸಕೋಶಕ್ಕೆ ಇಳಿದಿತ್ತು.

ನಿನ್ನೆ ಫೋನಿನಲ್ಲಿ, ಸತ್ತೋರು ವಾಪಸ್ ಬರಲ್ಲಕ್ಕಾ, ಮಗು ಹೆಸರು ಯಾಕೆ ಎಳೀತೀಯ ಎಂದೆಯಲ್ಲ. ಸತ್ತವರು ಬರುವುದಿಲ್ಲ, ನಿಜ. ಅವರ ಮಗಳು ಬರುತ್ತಾಳೆ. ಇವತ್ತು ಬೆಳಿಗ್ಗೆ ತಾಯಿಯ ಬಳಿಯಿದ್ದ ಶಾಲೆಯ ಬೀಗದ ಕೈಗಳನ್ನು ಒಪ್ಪಿಸಲು ಬಂದಿದ್ದಳು. ಮೇಡಂ, ನಮ್ಮನೇಲಿ ಯಾರಿಗೂ ಜ್ವರ ಇರ್ಲಿಲ್ಲ, ಅಮ್ಮ ಎಲ್ಲಿಂದ ತಂದ್ಲು ಎಂದು ಕೇಳಿದಳು. ಜಗಳಕ್ಕಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ಕೀ ಅಲ್ಲಿಡಮ್ಮ ಎಂದೆ. ಇಪ್ಪತ್ತೆರಡು ವರ್ಷ ದಾದಿಯಾಗಿದ್ದವಳ ಬಾಯಿಂದ ಬಂದದ್ದು ಅಷ್ಟೇ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮುಖ್ಯೋಪಾಧ್ಯಾಯಿನಿಗೆ ಎಲ್ಲವನ್ನೂ ಬರೆದಿದ್ದೇನೆ. ಮೂರು ಗಂಟೆಗೆ ಕೊಡುತ್ತೇನೆ. ಸಿರಪ್ಪಿನ ವಿಷಯ ಅದರಲ್ಲಿದೆ, ಪುಟ್ಟಿಯ ಹೆಸರೂ ಇದೆ. ಮಗುವಿನ ತಪ್ಪಿಲ್ಲ ಎಂದು ಎರಡು ಸಲ ಬರೆದಿದ್ದೇನೆ. ನಿನ್ನ ಬಗ್ಗೆ ಹಾಗೆ ಬರೆಯಲು ಕೈ ಬರಲಿಲ್ಲ. ನೀನು ಮಾತು ಬಿಟ್ಟರೆ ಬಿಡು. ಆಯಾಳ ಮಗಳಿಗೆ ಆ ಕೆಲಸ ಸಿಗಬೇಕು, ಅವಳ ತಾಯಿಯ ಮೇಲಿನ ಕಳಂಕ ಹೋಗಬೇಕು.

ಪುಟ್ಟಿಗೆ ಮುತ್ತು. ನಿನಗೆ ಕೊಡುವಷ್ಟು ಮನಸ್ಸು ಸದ್ಯಕ್ಕಿಲ್ಲ.

ನಿನ್ನ
ಅಕ್ಕ

ತಾ.ಕ.: ಮುಖ್ಯೋಪಾಧ್ಯಾಯಿನಿಗೆ ಮೊದಲು ಬರೆದ ಕಾಗದವನ್ನು ಹರಿದು ಇನ್ನೊಂದು ಬರೆದೆ. ಮೊದಲನೆಯದರಲ್ಲಿ ನಿನ್ನ ತಪ್ಪು ಮಾತ್ರ ಇತ್ತು. ಆ ಬುಧವಾರ ನಿನ್ನ ಸಿರಪ್ಪು ಕೆಲಸ ಮಾಡಿರಲಿಲ್ಲ. ಗೇಟಿನಲ್ಲಿ ಥರ್ಮಾಮೀಟರು ನೂರಾ ಒಂದು ತೋರಿಸಿತು. ವಾಪಸು ಕಳಿಸಿದರೆ ನಿನ್ನ ಕೆಲಸ ಹೋಗುತ್ತದೆ ಎಂದು ನಾನು ರಿಜಿಸ್ಟರಿನಲ್ಲಿ ತೊಂಬತ್ತೆಂಟು ಎಂದು ಬರೆದೆ. ಮಂಡಳಿಯವರು ಆಯಾಳತ್ತ ತೋರಿಸುವ ಬೆರಳಿಗೆ ಬಲ ಕೊಟ್ಟದ್ದು ಆ ಅಂಕಿಯೇ. ಆಗ ಗೇಟಿನಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಆಯಾ, ಎಷ್ಟಿದೆ ಅಮ್ಮಾ ಎಂದು ಕೇಳಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಸರಿಯಾಗಿದೆ, ಒಳಗೆ ಕರ್ಕೊಂಡು ಹೋಗು ಎಂದೆ. ಪುಟ್ಟಿಗೆ ನಡೆಯಲು ಆಗುತ್ತಿರಲಿಲ್ಲ. ಆಯಾ ಎತ್ತಿಕೊಂಡು ಹೋದಳು.