ಎಲೆಯ ಮುಂದೆ ಕೂತು ಪಡೆದ ಒಪ್ಪಿಗೆ

ನಮ್ಮ ಕೊಲ್ಲಿದಂಡೆ ಬಡಾವಣೆಯ ಅಂಗಳ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹಬ್ಬದೂಟಕ್ಕೆ ಕರೆದವರ ಮನೆಯಲ್ಲಿ ಉಂಡು, ಅವರ ಕಾಲ ಕೆಳಗಿನ ನೆಲವನ್ನೇ ಕಡಲಿಗೆ ಕೊಡಲು ಹೊರಟಿದ್ದೀರಿ. ಇದು ಅನ್ಯಾಯ. ಬಡಾವಣೆಯ ಪ್ರತಿ ಮನೆಯ ಅಂಗಳ ಹೇಗಿರಬೇಕೆಂದು ಆದೇಶಿಸುವ ಅಧಿಕಾರ ನಿಮ್ಮ ಸಮಿತಿಗಿದೆ. ಬರುವ ಶನಿವಾರ ಬೆಳಿಗ್ಗೆ ಅದು ಕಳಿಸುವ ಕೆಲಸಗಾರರು ಯಂತ್ರ ತಂದು, ನನ್ನ ಚಿಕ್ಕಮ್ಮ ಪದ್ಮಿನಿಯವರ ಹಿತ್ತಲಿನ ಎತ್ತರದ ಹುಲ್ಲನ್ನೆಲ್ಲ ಬೇರುಸಹಿತ ಕಿತ್ತು, ಬೀದಿಯ ಎಲ್ಲರ ಮನೆಯಂತೆ ಲಾನ್ ಹಾಸಲಿದ್ದಾರೆ. ಹ್ಯೂಸ್ಟನ್ನಿನ ಕನ್ನಡಿಗರೆಲ್ಲ ಓದುವ ಸಂಘದ ವಾರಪತ್ರದಲ್ಲಿ ಇದನ್ನು ಬರೆದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಮೆತ್ತಗೆ ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ಲ.

ಆ ಹುಲ್ಲು ಸೋಮಾರಿತನದಿಂದ ಬೆಳೆದುಕೊಂಡಿತೆಂದು ತಿಳಿದಿರಾ? ಚಿಕ್ಕಮ್ಮನೂ ಮೊದಲು ಲಾನ್ ಹಾಕಿಸಿದ್ದರು. ದಂಡೆಯಂಚಿಗೆ ದುಂಡುಮಲ್ಲಿಗೆ, ಕರಿಬೇವು ನೆಟ್ಟಿದ್ದರು. ಉಪ್ಪುಗಾಳಿಗೆ ಮಲ್ಲಿಗೆ ಸುಟ್ಟು ಕರಕಲಾಯಿತು. ಚಂಡಮಾರುತ ಬಂದ ವರ್ಷ ಗ್ಯಾಲ್ವೆಸ್ಟನ್ ಕೊಲ್ಲಿಯ ನೀರು ಹಿತ್ತಲಿಗೆ ನುಗ್ಗಿ, ಲಾನನ್ನು ಚಾಪೆಯಂತೆ ಸುತ್ತಿಕೊಂಡು ಹೋಯಿತು, ಅದರಡಿಯ ಮಣ್ಣಿನ ಸಮೇತ. ಅಡುಗೆಮನೆಯ ಹಿಂದಿನ ಮೆಟ್ಟಿಲು ಇಂದಿಗೂ ಒಂದು ಕಡೆಗೆ ವಾಲಿದೆ. ಆಮೇಲೆ ನಾನು ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುವ ಕರಪತ್ರಗಳನ್ನೆಲ್ಲ ಹೊತ್ತು ತಂದೆ. ಇದೇ ಕರಾವಳಿಯ ಕಾರ್ಡ್‌ಗ್ರಾಸ್ ಎಂಬ ಹುಲ್ಲು ಉಪ್ಪನ್ನು ತಾಳುತ್ತದೆ, ಆಳಕ್ಕೆ ಬೇರಿಳಿಸಿ ಮಣ್ಣನ್ನು ಹಿಡಿಯುತ್ತದೆ ಎಂದು ಓದಿ, ಇಬ್ಬರೂ ಮಂಡಿಯೂರಿ ನೆಟ್ಟೆವು. ಕಳೆದ ಬೇಸಿಗೆಯ ಬಿರುಗಾಳಿಗೆ ಅಕ್ಕಪಕ್ಕದ ಅಂಗಳಗಳ ಅಂಚು ಕುಸಿಯಿತು. ನಮ್ಮದು ನಿಂತಿತು. ನಿಮಗೆ ಮಾತ್ರ ಅದು ಕಾಡಾಗಿ ಕಂಡಿತು. ನೀವು ನಿವೃತ್ತ ಶಸ್ತ್ರವೈದ್ಯರು. ನೋಡಲು ಚೆನ್ನಾಗಿಲ್ಲವೆಂದು, ಮಾಯದ ಗಾಯದ ಹೊಲಿಗೆಯನ್ನು ಎಂದಾದರೂ ಬಿಚ್ಚಿದ್ದೀರಾ?

ಗೌರಿಹಬ್ಬದ ದಿನ ನೀವು ದಂಪತಿಗಳು ಊಟಕ್ಕೆ ಬಂದಿರಿ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಕಿಟಕಿಯತ್ತ ನೋಡಿ, "ಏನಮ್ಮಾ ಪದ್ಮಿನಿ, ಹಿತ್ತಲಲ್ಲಿ ಹುಲಿಗಿಲಿ ಸಾಕಿದೀಯಾ? ಅದನ್ನೆಲ್ಲ ತೆಗೆಸಿ ನೀಟಾಗಿ ಲಾನ್ ಹಾಕಿಸಿಬಿಡೋಣ" ಎಂದಿರಿ. ಎಲೆಯ ಮುಂದೆ ಕೂತ ಹಿರಿಯರಿಗೆ ಇಲ್ಲವೆನ್ನಲಾದೀತೆ? "ಆಯ್ತು ಅಂಕಲ್, ನೀವು ಹೇಳಿದ್ಮೇಲೆ ಇನ್ನೇನಿದೆ. ಇನ್ನೊಂದು ಒಬ್ಬಟ್ಟು ಹಾಕ್ಲಾ?" ಎಂದರು ಚಿಕ್ಕಮ್ಮ. ನಾನು ಬಾಯಿ ತೆರೆದೆ. ಅವರು ಕಣ್ಣಲ್ಲೇ ತಡೆದರು. ಮುಂದಿನ ವಾರ ಅದೇ ಮಾತು ನಿಮ್ಮ ಸಭೆಯಲ್ಲಿ 'ಮನೆಯವರ ಪೂರ್ಣ ಒಪ್ಪಿಗೆ'ಯಾಯಿತು. ಸಮಿತಿಯ ಅಮೆರಿಕನ್ ಸದಸ್ಯರಿಗೆ ತಿಳಿಯದಿದ್ದರೆ ತಪ್ಪಿಲ್ಲ. ಉಣ್ಣುತ್ತಿರುವ ಅತಿಥಿಗೆ ನಮ್ಮ ಮನೆಗಳಲ್ಲಿ ಎದುರುತ್ತರ ಕೊಡುವುದಿಲ್ಲವೆಂಬುದು ನಿಮಗೂ ತಿಳಿದಿರಲಿಲ್ಲವೇ? ತಿಳಿದಿದ್ದರಿಂದಲೇ ಅಂದು ಕೇಳಿದಿರೋ?

ಚಿಕ್ಕಮ್ಮ ಫೋನ್ ಮಾಡಿ ಬೇಡಿಕೊಂಡರು. "ಅಯ್ಯೋ, ಅವತ್ತೇ ಹೇಳ್ಬಾರ್ದಿತ್ತಾ? ಈಗ ಪಾಸ್ ಆಗೋಯ್ತಲ್ಲಮ್ಮಾ. ನಾನೇ ವಾಪಸ್ ತಗೊಂಡ್ರೆ ನನ್ ಮರ್ಯಾದೆ ಏನಾಗುತ್ತೆ?" ಎಂದು ನಕ್ಕಿರಿ. ನಿಮ್ಮ ಮರ್ಯಾದೆ ಉಳಿಯಲು ಒಂದು ಮನೆಯ ಅಡಿಪಾಯವೇ ಬೇಕೆ? ಇದು ಚಂಡಮಾರುತದ ಕಾಲ. ಹೊಸ ಲಾನ್ ಬೇರು ಬಿಡುವ ಮೊದಲೇ ನೀರು ಏರಿದರೆ ಮಣ್ಣನ್ನು ಹಿಡಿದಿಡುವುದು ಯಾವುದು, ನಿಮ್ಮ ನಿರ್ಣಯವೇ? ಚಿಕ್ಕಮ್ಮ ಈಗ ವಾದವನ್ನೇ ಬಿಟ್ಟಿದ್ದಾರೆ. ಹಿಂದಿನ ಬಾಗಿಲಲ್ಲಿ ಸುಮ್ಮನೆ ನಿಂತು ನೀರನ್ನು ನೋಡುತ್ತಾರೆ. "ಬಿಡು ಸಂಹಿತಾ, ದೊಡ್ಡವರ ಜೊತೆ ಏನು ಜಗಳ" ಎನ್ನುತ್ತಾರೆ. ನನಗೆ ಭಯವಾಗಿದೆ. ಇನ್ನು ಯಾರಲ್ಲಿಗೆ ಹೋಗಬೇಕೋ ತಿಳಿಯುತ್ತಿಲ್ಲ.

ಆದೇಶವನ್ನು ಹಿಂದಕ್ಕೆ ಪಡೆಯಿರಿ. ಸಮಿತಿಯ ಸದಸ್ಯರೆಲ್ಲರನ್ನೂ ಕರೆದುಕೊಂಡು ಬಂದು ಆ ಹುಲ್ಲಿನ ಬುಡಕ್ಕೆ ಕೈ ಹಾಕಿ ಎಳೆದು ನೋಡಿ. ಆ ದಿನ ನಿಮಗೆ ಊಟವಿಲ್ಲ, ತಿಂಡಿಯಿಲ್ಲ, ಒಂದು ಲೋಟ ಕಾಫಿಯೂ ಇಲ್ಲ. ನೀವು ನಮ್ಮ ಅತಿಥಿಯಾಗಿರದ ಆ ಒಂದು ಗಳಿಗೆಯಲ್ಲಿ ಇನ್ನೊಮ್ಮೆ ಚಿಕ್ಕಮ್ಮನನ್ನೇ ಕೇಳಿ. ಅವರು ಏನೆನ್ನುತ್ತಾರೋ ಅದನ್ನು ಬರೆದುಕೊಳ್ಳಿ. ಯಂತ್ರ ಬರುವ ಹಿಂದಿನ ದಿನ, ಶುಕ್ರವಾರ ಸಂಜೆ ಆರು ಗಂಟೆಗೆ, ಹಿತ್ತಲಿನ ಗೇಟಿನ ಬಳಿ ನಾವಿಬ್ಬರೂ ನಿಂತಿರುತ್ತೇವೆ.

ಇಂತಿ,
ನಿಮ್ಮ ಸಮಿತಿಯಲ್ಲಿ ಮತವಿಲ್ಲದ, ಮಹಡಿ ಕೋಣೆಯ ವಿದ್ಯಾರ್ಥಿನಿ
ಸಂಹಿತಾ