ಡಾಂಬರಿನಡಿ ಹೂತ ಮುಚ್ಚಳ, ಬಾಗಿಲಲ್ಲೇ ನಿಂತ ಬಾಣಂತನ

ನಮ್ಮ ಬೀದಿಯ ಒಳಚರಂಡಿಗೆ ಒಡೆಯರಾಗಿರುವ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರೇ,

ದೊಡ್ಡನೆಕ್ಕುಂದಿಯ ನಮ್ಮ ಮನೆಯೊಳಗೆ ಮೂರು ತಿಂಗಳಿಂದ ಚರಂಡಿ ನಾರುತ್ತಿದೆ. ನಾಲ್ಕು ಬಾರಿ ದೂರು ಕೊಟ್ಟೆ. ನಾಲ್ಕು ಬಾರಿಯೂ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂದು ಮೊಬೈಲಿಗೆ ಸಂದೇಶ ಬಂತು. ಕೊನೆಯದನ್ನಂತೂ ಮೂಗಿಗೆ ಸೆರಗು ಹಿಡಿದುಕೊಂಡೇ ಓದಿದೆ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಲೆಕ್ಕ ಮಾಡದೆ ಉತ್ತರ ಮಾತ್ರ ಬರೆದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಪ್ರಶ್ನೆಪತ್ರಿಕೆಯನ್ನೇ ಬಿಡಿಸದೆ ತಮಗೆ ತಾವೇ ನೂರಕ್ಕೆ ನೂರು ಹಾಕಿಕೊಂಡವರನ್ನು ನೋಡಿದ್ದು ನಿಮ್ಮ ಕಚೇರಿಯಲ್ಲೇ ಮೊದಲು. ನನ್ನ ಒಬ್ಬಳೇ ಮಗಳು ವೇಣಿಗೆ ಈಗ ಎಂಟು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು ಈ ನಾತದಿಂದಾಗಿ ಜಿಗಣಿಯ ಗಂಡನ ಮನೆಯಲ್ಲೇ ಕೂತಿದ್ದಾಳೆ. ನನ್ನ ದೂರು ಇದು. ಮಿಕ್ಕಿದ್ದೆಲ್ಲ ವಿವರ.

ತಪ್ಪು ನಮ್ಮದೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅದನ್ನೇ ಹಿಡಿದುಕೊಂಡು ಜಗ್ಗುತ್ತೀರಿ. ಸಂಕ್ರಾಂತಿ ಕಳೆದ ವಾರ ನಮ್ಮ ಅತ್ತೆ ವಸಂತಮ್ಮ ತೀರಿಕೊಂಡರು. ಧನಿಷ್ಠಾ ನಕ್ಷತ್ರದಲ್ಲಿ ಹೋಗಿದ್ದಾರೆ, ದೋಷವಿದೆ, ಆರು ತಿಂಗಳು ಮನೆಯನ್ನೇ ಬಿಡಬೇಕು ಎಂದರು ಪುರೋಹಿತರು. ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆಯವರಿದ್ದಾರೆ, ನಾವೆಲ್ಲಿಗೆ ಹೋಗೋಣ ಎಂದು ನಮ್ಮ ಯಜಮಾನರು ಲಕ್ಷ್ಮಣಪ್ಪನವರು ಗೋಗರೆದ ಮೇಲೆ, ಅತ್ತೆ ಉಸಿರು ಬಿಟ್ಟ ಕೋಣೆಯನ್ನಾದರೂ ಮುಚ್ಚಿ ಎಂದು ರಾಜಿಯಾಯಿತು. ಕೋಣೆಗೂ ಅದರೊಳಗಿನ ಬಚ್ಚಲಿಗೂ ಸೇರಿಸಿ ಬೀಗ ಜಡಿದು, ಬಾಗಿಲಿಗೆ ಮುಳ್ಳಿನ ಕೊಂಬೆ ಕಟ್ಟಿದೆವು. ಬಾಣಂತಿಯನ್ನು ಮಲಗಿಸಲು ನಮ್ಮ ಮನೆಯಲ್ಲಿರುವುದೂ ಅದೊಂದೇ ಕೋಣೆ.

ಮಾರ್ಚಿನಲ್ಲಿ ವಾಸನೆ ಶುರುವಾಯಿತು. ಇಲಿ ಸತ್ತಿರಬೇಕೆಂದು ಅಟ್ಟದ ಸಾಮಾನೆಲ್ಲ ಇಳಿಸಿದೆವು. ಅಡುಗೆಮನೆಯ ಮೂಲೆಮೂಲೆ ಉಜ್ಜಿದೆವು. ಫಿನಾಯಿಲ್ ಸುರಿದೂ ಸುರಿದೂ ಮನೆ ಆಸ್ಪತ್ರೆಯ ಹಾಗಾಯಿತೇ ಹೊರತು ನಾತ ಜಗ್ಗಲಿಲ್ಲ. ಬಂದ ನೆಂಟರು ಮುಳ್ಳು ಕಟ್ಟಿದ ಬಾಗಿಲ ಕಡೆ ನೋಡಿ ಕಣ್ಣಲ್ಲೇ ಮಾತಾಡಿಕೊಂಡರು. ಪಕ್ಕದ ಮನೆಯ ಗೌರಮ್ಮ ನೇರವಾಗಿಯೇ ಅಂದರು: “ನಿಮ್ಮತ್ತೆ ಇನ್ನೂ ಓಗಿಲ್ಲ ಕಣಕ್ಕ, ಒಳಗೇ ಅವ್ರೆ.” ಜಿಗಣಿಯ ಬೀಗರಿಗೂ ಈ ಸುದ್ದಿ ಮುಟ್ಟಿ, ದೋಷದ ಮನೆಗೆ ಸೊಸೆಯನ್ನು ಕಳಿಸುವುದಿಲ್ಲ ಎಂದು ಹೇಳಿ ಕಳಿಸಿದರು.

ಮೇ ತಿಂಗಳಲ್ಲಿ ಪ್ಲಂಬರ್ ಅಮರಪ್ಪನನ್ನು ಕರೆಸಿದೆ. ಸಿಂಧನೂರಿನ ಕಡೆಯವನು. ತಾರಸಿ ಹತ್ತಿ ಗಾಳಿ ಕೊಳವೆ ಕಟ್ಟಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡ, ಮಿಕ್ಕ ಬಚ್ಚಲುಗಳನ್ನು ನೋಡಿದ, ಕೊನೆಗೆ ಬೀಗ ಹಾಕಿದ ಬಾಗಿಲ ಮುಂದೆ ನಿಂತ. ತೆಗೆಯುವುದಿಲ್ಲ ಎಂದೆ. ಹಾಗಾದರೆ ನಾನು ಹೊರಟೆ ಎಂದ. ಪುರೋಹಿತರನ್ನು ಕೇಳದೆ, ದಿನ ನೋಡದೆ, ಇನ್ನೂ ಎರಡು ತಿಂಗಳು ಬಾಕಿ ಇರುವಾಗಲೇ ಮುಳ್ಳು ಕಿತ್ತು ಬೀಗ ತೆಗೆದೆ. ಅಮರಪ್ಪ ಒಂದು ಊದಿನಕಡ್ಡಿ ಕೇಳಿ ಹಚ್ಚಿಕೊಂಡು, ಬಚ್ಚಲ ಜಾಲರಿಯ ಮೇಲೆ ಹಿಡಿದು ಕುಕ್ಕರಗಾಲಲ್ಲಿ ಕೂತ. ಕೆಳಗಿನಿಂದ ಬಂದ ಗಾಳಿಗೆ ಹೊಗೆಯೆಲ್ಲ ನಮ್ಮ ಮುಖಕ್ಕೇ ರಾಚಿತು. ಕಿಟಕಿಯಲ್ಲಿ ಇಣುಕಿದ ಗೌರಮ್ಮ, ಶಾಂತಿ ಮಾಡಿಸುತ್ತಿದ್ದೇವೆಂದುಕೊಂಡು ಅಲ್ಲಿಂದಲೇ ಕೈಮುಗಿದರು.

“ಈ ಜಾಲರಿ ಕೆಳಗ ಒಂದ್ ಬಟ್ಟಲ ಐತ್ರಿ ಅಕ್ಕಾರ. ಅದರಾಗ ನೀರ ನಿಂತ್ರ ಗಟಾರದ ಗಾಳಿ ಮ್ಯಾಲ ಬರಂಗಿಲ್ಲ. ನೀವು ಬೀಗ ಹಾಕೀರಿ, ನೀರ ಒಣಗೈತಿ. ಅಷ್ಟ.”

ಅಷ್ಟೇ! ನಾಲ್ಕು ತಿಂಗಳು ಒಂದು ಚೊಂಬು ನೀರು ಬೀಳದ್ದಕ್ಕೆ, ಬದುಕಿರುವಾಗ ಯಾರಿಗೂ ಕೆಟ್ಟದ್ದು ಬಯಸದ ಮುದುಕಿಯ ಮೇಲೆ ಸತ್ತ ಮೇಲೆ ಅಪವಾದ ಬಂತು. ಎರಡು ಬಕೆಟ್ ನೀರು ಸುರಿದೆ. ಸುರಿಯುತ್ತಾ ಅವರ ಕ್ಷಮೆ ಕೇಳಿದೆ, ಅಳುವೂ ಬಂತು.

ಈಗ ನಿಮ್ಮ ಪಾಲಿಗೆ ಬರುತ್ತೇನೆ. ನೀರು ಸುರಿದ ಮೇಲೆ ವಾಸನೆ ಮುಕ್ಕಾಲು ಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ, ನಮ್ಮ ಬೀದಿಯ ಆರು ಪೀಜಿಗಳ ಹುಡುಗ ಹುಡುಗಿಯರೆಲ್ಲ ಒಟ್ಟಿಗೆ ಸ್ನಾನಕ್ಕಿಳಿದಾಗ, ನಮ್ಮ ಬಚ್ಚಲ ಜಾಲರಿಯಲ್ಲಿ ಗುಳುಗುಳು ಸದ್ದಾಗುತ್ತದೆ, ಅದರ ಬೆನ್ನಿಗೇ ಅದೇ ನಾತ. ರಸ್ತೆಯ ಕೊಳವೆ ಕಟ್ಟಿಕೊಂಡಿದೆ, ತಾರಸಿಯ ಕೊಳವೆಯೊಂದೇ ಸಾಲದೆ ಗಾಳಿ ಬಟ್ಟಲ ನೀರನ್ನು ತಳ್ಳಿಕೊಂಡು ಒಳಗೆ ಬರುತ್ತಿದೆ, ಮ್ಯಾನ್‌ಹೋಲ್ ತೆಗೆಸಿ ಎಂದ ಅಮರಪ್ಪ. ಎಲ್ಲಿದೆ ಮ್ಯಾನ್‌ಹೋಲ್? ಹೋದ ನವೆಂಬರಿನಲ್ಲಿ ರಸ್ತೆ ಮಾಡಿದ ಪುಣ್ಯಾತ್ಮರು ಮುಚ್ಚಳದ ಮೇಲೂ ನಾಲ್ಕು ಬೆರಳು ದಪ್ಪ ಡಾಂಬರು ಬಳಿದು ರೋಲರ್ ಓಡಿಸಿ ಹೋದರು. ಆಗ ನಿಮ್ಮ ಕಚೇರಿಯವರು ಯಾರಾದರೂ ಬಂದು ನಿಂತು ನೋಡಿದ್ದರೇ?

ನಿಮ್ಮ ಕಿರಿಯ ಎಂಜಿನಿಯರ್ ಬಂದರು. ಗೇಟಿನಿಂದ ಒಳಗಿನದು ಇಲಾಖೆಯದಲ್ಲ, ವಾಸನೆ ಒಳಗಿದೆ, ಆದ್ದರಿಂದ ಅದು ನಿಮ್ಮ ಸ್ವಂತದ್ದು ಎಂದರು. ನಮ್ಮ ಸ್ವಂತ ವಾಸನೆಗೆ ತೆರಿಗೆ ಹಾಕದೆ ಬಿಟ್ಟದ್ದು ಅವರ ದೊಡ್ಡತನ. ನಕ್ಷೆಯಲ್ಲಿ ಇಲ್ಲೊಂದು ಮ್ಯಾನ್‌ಹೋಲ್ ಇದೆ, ಆದರೆ ಕಣ್ಣಿಗೆ ಕಾಣದ್ದನ್ನು ತೆಗೆಯುವುದು ಹೇಗೆ ಎಂದೂ ಕೇಳಿದರು. ಅದನ್ನು ಕಟ್ಟುವಾಗ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮ ಯಜಮಾನರು ಕಾಂಪೌಂಡಿನ ಮೂಲೆಯಿಂದ ಏಳು ಹೆಜ್ಜೆ ಅಳೆದು ಜಾಗ ತೋರಿಸಿದರು. ಗುರುತು ಅಳಿಯದಿರಲೆಂದು ದಿನಾ ಬೆಳಿಗ್ಗೆ ನಾನು ಅಲ್ಲಿ ದುಂಡಗೆ ರಂಗೋಲಿ ಹಾಕಿದೆ. ಮಾರನೆಯ ವಾರ ನಿಮ್ಮ ಸಿಬ್ಬಂದಿ ಇಬ್ಬರು ಬಂದು, ತುಳಿಯಬಾರದೆಂದು ಭಕ್ತಿಯಿಂದ ಸುತ್ತುಹಾಕಿ, ಫೋಟೋ ತೆಗೆದುಕೊಂಡು ಹೋದರು. ಸಂಜೆಗೆ ನಾಲ್ಕನೆಯ ಸಂದೇಶ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಅವರು ಕೆಲಸ ಮುಗಿಯಿತು ಎಂದರು, ನೀವು ಹೂಂ ಎಂದಿರಿ.

ನಮ್ಮಂಥವರ ಮೂಢನಂಬಿಕೆ ಕಂಡರೆ ಓದಿದವರಿಗೆ ನಗು. ನಗಲಿ. ಪುರೋಹಿತರು ಬಾಗಿಲು ಮುಚ್ಚಿಸಿದಾಗ ತೆಗೆಯುವ ದಿನವನ್ನೂ ಹೇಳಿದ್ದರು. ನೀವು ಮುಚ್ಚಿದ್ದಕ್ಕೆ ಅವಧಿ ಎಷ್ಟು? ಎದೆಯಲ್ಲಿ ಭಯವಿಟ್ಟುಕೊಂಡೇ ನಾನು ಬೀಗ ತೆಗೆದೆ. ಒಂದು ಕಬ್ಬಿಣದ ಮುಚ್ಚಳ ತೆಗೆಯಲು ನಿಮಗೆ ಯಾವ ನಕ್ಷತ್ರ ಅಡ್ಡ ಬಂದಿದೆ?

ಕೋಣೆ ತೆಗೆದ ಸುದ್ದಿ ಕೇಳಿ ಬೀಗಿತ್ತಿ ಜಯಮ್ಮ ಹೋದ ವಾರ ತಾವೇ ನೋಡಲು ಬಂದರು. ಬಂದದ್ದು ಎಂಟು ಗಂಟೆಗೆ. ಕೊಟ್ಟ ಕಾಫಿಯನ್ನು ಅರ್ಧಕ್ಕೇ ಇಟ್ಟು, “ದೋಷ ಗೀಷ ನಾನೂ ಬಿಟ್ಟೆ ಕಣ್ರೀ. ಆದ್ರೆ ಹಸುಗೂಸು ಈ ಗಾಳಿ ಕುಡಿಬೇಕಾ?” ಎಂದರು. ಜಗಳವಾಡಲು ಸೆರಗು ಕಟ್ಟಿ ನಿಂತಿದ್ದ ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅವರು ಹೇಳಿದ್ದು ಸರಿ.

ಈ ತಿಂಗಳ ಇಪ್ಪತ್ತೈದರೊಳಗೆ ಆ ಡಾಂಬರು ಒಡೆಸಿ, ಮುಚ್ಚಳವನ್ನು ರಸ್ತೆಯ ಮಟ್ಟಕ್ಕೆ ಎತ್ತಿಸಿ, ಕಟ್ಟಿದ ಕೊಳವೆಯನ್ನು ಬಿಡಿಸಿ. ಯಂತ್ರ ತನ್ನಿ, ಮನುಷ್ಯರನ್ನು ಇಳಿಸಬೇಡಿ. ಬೆಳಿಗ್ಗೆ ಎಂಟು ಗಂಟೆಗೆ ನೀವೇ ಬಂದು ನಮ್ಮ ಬಚ್ಚಲಲ್ಲಿ ನಿಂತು ಉಸಿರೆಳೆದು ನೋಡಿ, ಆಮೇಲೆ ಸಂದೇಶ ಕಳಿಸಿ. ಡಾಕ್ಟರು ಕೊಟ್ಟಿರುವುದು ಜುಲೈ ಎರಡನೆಯ ವಾರ. ಹುಟ್ಟುವ ಮಗುವನ್ನು ಸ್ವಲ್ಪ ತಡಿ ಎನ್ನಲು ನಿಮ್ಮ ಕಚೇರಿಯಲ್ಲಿ ಯಾವ ಅರ್ಜಿಯೂ ಇಲ್ಲ.

ಮೊನ್ನೆ ವೇಣಿ ಫೋನ್ ಮಾಡಿದ್ದಳು. “ಅಮ್ಮಾ, ವಾಸನೆ ಇದ್ರೆ ಇರ್ಲಿ, ನಾನು ಬಂದ್ಬಿಡ್ತೀನಿ. ನೀನೇ ನೀರು ಹಾಕ್ಬೇಕು ನಂಗೆ,” ಎಂದಳು. ಬೇಡ ಕಣೇ, ಅಲ್ಲೇ ಇರು ಎಂದೆ. ಅವಳು ಆಯ್ತಮ್ಮ ಎಂದು ಫೋನ್ ಇಟ್ಟಳು.

ಇಂತಿ,
ಬಸುರಿ ಮಗಳಿಗೆ ತವರಿಗೆ ಬರಬೇಡ ಎಂದವಳು,
ಜ್ಯೋತಿಲಕ್ಷ್ಮಿ
ನಿವೃತ್ತ ಮುಖ್ಯೋಪಾಧ್ಯಾಯಿನಿ, ದೊಡ್ಡನೆಕ್ಕುಂದಿ